ಬೆಂಚಿನ ತುದಿಯಲ್ಲಿ ಕೂತವರು

ಮಾರ್ಚ್ ಹತ್ತಿರವಾಗುತ್ತಿದ್ದಂತೆ ಕೆನಡಾ, ಅಮೆರಿಕದ ಐಸ್ ಹಾಕಿ ತಂಡಗಳ ಕಚೇರಿಗಳಲ್ಲಿ ಫೋನು ಕೆಳಗಿಡಲು ಪುರುಸೊತ್ತಿರುವುದಿಲ್ಲ. ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್‌ನಲ್ಲಿ ತಂಡಗಳು ತಮ್ಮ ತಮ್ಮೊಳಗೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ವರ್ಷಕ್ಕೊಂದು ಗಡುವಿದೆ. ಆ ದಿನ ಮಧ್ಯಾಹ್ನ ಮೂರು ಗಂಟೆ ಕಳೆದ ಮೇಲೆ ಟ್ರೇಡ್ ಆಗಿ ಬಂದವರು ಆ ಋತುವಿನಲ್ಲಿ ಆಡುವಂತಿಲ್ಲ. ಇದ್ದವರಲ್ಲೇ ಸಂಭಾಳಿಸಬೇಕು. ಆ ವಾರ ಅಲ್ಲಿ ಚಹಾದಂಗಡಿಯಿಂದ ಆಫೀಸಿನವರೆಗೆ ಎಲ್ಲರೂ ಮ್ಯಾನೇಜರುಗಳೇ. ಇವನನ್ನು ಕೊಟ್ಟು ಅವನನ್ನು ತರಬೇಕಿತ್ತು, ಇಷ್ಟು ಕೊಟ್ಟದ್ದು ಜಾಸ್ತಿಯಾಯಿತು, ಅಷ್ಟಕ್ಕೆ ಬಿಟ್ಟದ್ದು ಕಡಿಮೆಯಾಯಿತು. ಟೊರೊಂಟೊದಲ್ಲಿ ನೆಲೆಸಿರುವ ಕನ್ನಡದವರ ಮನೆಗಳಲ್ಲೂ, ಅಲ್ಲೇ ಹುಟ್ಟಿ ಬೆಳೆದ ಮಕ್ಕಳಿದ್ದರೆ, ಊಟಕ್ಕೆ ಕೂತಾಗ ಇದೇ ಮಾತಂತೆ. ಆದರೆ ಈ ಚರ್ಚೆಗಳಲ್ಲಿ ಕೇಳಿಬರುವ ಹೆಸರುಗಳನ್ನು ಗಮನಿಸಿ. ಎಲ್ಲವೂ ಮೊದಲ ಸಾಲಿನವರದೇ. ಪೋಸ್ಟರಿನಲ್ಲಿ ಮುಖ ಇರುವವರದು. ನನಗೆ ಕುತೂಹಲ ಇರುವುದು ಉಳಿದವರ ಬಗ್ಗೆ.

ನಮ್ಮಲ್ಲಿ ಹಾಕಿ ಎಂದರೆ ಕೊಡಗು, ಹಸಿರು ಮೈದಾನ, ಬೇಸಿಗೆಯಲ್ಲಿ ಕುಟುಂಬಗಳ ನಡುವೆ ನಡೆಯುವ ಆ ದೊಡ್ಡ ಉತ್ಸವ. ಐಸ್ ಹಾಕಿ ಬೇರೆಯದೇ ಆಟ. ಕಾಲಿಗೆ ಸ್ಕೇಟ್, ಚೆಂಡಿನ ಬದಲು ಚಪ್ಪಟೆಯಾದ ರಬ್ಬರಿನ ಪಕ್, ಕೆಳಗೆ ಗಟ್ಟಿ ಮಂಜುಗಡ್ಡೆ. ಒಂದು ಪಂದ್ಯಕ್ಕೆ 20 ಜನ ಸಜ್ಜಾಗಿ ಬರುತ್ತಾರೆ: ಮುಂದಾಳುಗಳು 12, ರಕ್ಷಣೆಯವರು 6, ಗೋಲ್‌ಕೀಪರುಗಳು ಇಬ್ಬರು. ಮುಂದಾಳುಗಳು ಮೂವರ ಹಾಗೆ ನಾಲ್ಕು ಸಾಲು, ರಕ್ಷಣೆಯವರು ಮೂರು ಜೋಡಿ. ಕಣದಲ್ಲಿ ಒಮ್ಮೆಗೆ ಆರೇ ಜನ. ಆ ವೇಗದಲ್ಲಿ ಯಾರಿಗೂ ಹೆಚ್ಚು ಹೊತ್ತು ದಮ್ಮು ಹಿಡಿಯುವುದಿಲ್ಲ. ಮುಕ್ಕಾಲು ನಿಮಿಷ ಆಡಿ, ಏದುಸಿರು ಬಿಡುತ್ತ ಕಟಕಟೆ ಹಾರಿ ಬೆಂಚಿಗೆ ಬರುತ್ತಾರೆ. ಮುಂದಿನ ಸಾಲಿನವರು ಆಟ ನಿಲ್ಲಲೆಂದು ಕಾಯದೆ ನಡುವೆಯೇ ಹಾರಿ ಒಳಗೆ ಇಳಿಯುತ್ತಾರೆ. ಒಂದು ಲೆಕ್ಕ ನೋಡಿ. ಲೀಗಿನ ಅತಿ ದೊಡ್ಡ ಮುಂದಾಳು ಕೂಡ 60 ನಿಮಿಷದ ಪಂದ್ಯದಲ್ಲಿ ಆಡುವುದು 20 ನಿಮಿಷದ ಆಸುಪಾಸು. ಮಿಕ್ಕ 40 ನಿಮಿಷ, ಕೋಟಿಗಟ್ಟಲೆ ಸಂಬಳದ ಆ ಮನುಷ್ಯ ನೀರು ಕುಡಿಯುತ್ತ ಕೂತು ಬೇರೆಯವರು ಆಡುವುದನ್ನು ನೋಡುತ್ತಿರುತ್ತಾನೆ. ಪಂದ್ಯದ ಹೆಚ್ಚಿನ ಭಾಗ ಅವನಿಲ್ಲದೆಯೇ ನಡೆಯುತ್ತದೆ. ಹಾಗಿದ್ದೂ ತಂಡವನ್ನು ನಾವು ಅವನ ಹೆಸರಿನಿಂದಲೇ ಗುರುತಿಸುತ್ತೇವೆ.

ಈ ಆಟದ ಚರಿತ್ರೆಯಲ್ಲಿ ಅತ್ಯಂತ ಹೆಸರಾದ ಟ್ರೇಡ್ ನಡೆದದ್ದು 1988ರ ಆಗಸ್ಟ್ 9ರಂದು. ಎಡ್ಮಂಟನ್ ಆಯಿಲರ್ಸ್ ತಂಡ ವೇಯ್ನ್ ಗ್ರೆಟ್ಸ್ಕಿಯವರನ್ನು ಲಾಸ್ ಏಂಜಲೀಸ್ ಕಿಂಗ್ಸ್‌ಗೆ ಕೊಟ್ಟುಬಿಟ್ಟಿತು. ಗ್ರೆಟ್ಸ್ಕಿಗೆ ಆಗ 27 ವರ್ಷ. ಎಡ್ಮಂಟನ್‌ಗೆ ಐದು ವರ್ಷದಲ್ಲಿ ನಾಲ್ಕು ಸಲ ಲೀಗಿನ ಕಿರೀಟವಾದ ಸ್ಟ್ಯಾನ್ಲಿ ಕಪ್ ಗೆದ್ದುಕೊಟ್ಟವರು, ಸತತ ಎಂಟು ವರ್ಷ ಲೀಗಿನ ಶ್ರೇಷ್ಠ ಆಟಗಾರ ಎನಿಸಿದವರು. ಅವರ ಜೊತೆ ಇನ್ನಿಬ್ಬರು ಹೋದರು. ಬದಲಿಗೆ ಬಂದದ್ದು 20 ವರ್ಷದ ಜಿಮ್ಮಿ ಕಾರ್ಸನ್, ಇನ್ನೂ ಚಿಕ್ಕವನಾದ ಮಾರ್ಟಿನ್ ಜೆಲಿನಾ, ಮುಂದಿನ ವರ್ಷಗಳಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಮೂರು ಮೊದಲ ಸುತ್ತಿನ ಡ್ರಾಫ್ಟ್ ಹಕ್ಕು, ಮತ್ತು ಒಂದೂವರೆ ಕೋಟಿ ಡಾಲರ್ ನಗದು. ಪತ್ರಿಕಾಗೋಷ್ಠಿಯಲ್ಲಿ ಗ್ರೆಟ್ಸ್ಕಿ ಮಾತು ಮುಗಿಸಲಾರದೆ ಅತ್ತರು. ಊರಿನವರು ಮಾಲೀಕ ಪೀಟರ್ ಪಾಕ್ಲಿಂಗ್ಟನ್ ಅವರ ಪ್ರತಿಕೃತಿ ಸುಟ್ಟರು. ಕೆನಡಾದ ಸಂಸದರೊಬ್ಬರು ಸರ್ಕಾರವೇ ಇದನ್ನು ತಡೆಯಬೇಕು ಎಂದರು. ಹಾಕಿ ಆಟಗಾರನ ವರ್ಗಾವಣೆಗೆ ಸಂಸತ್ತೇ! ನಗು ಬರುತ್ತದೆ, ಆದರೆ ಆ ಊರಿನ ದುಃಖ ನಿಜವಾದದ್ದು. ಮರುವರ್ಷವೇ, 1989ರ ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಗ್ರೆಟ್ಸ್ಕಿಯ ಲಾಸ್ ಏಂಜಲೀಸ್ ಇದೇ ಎಡ್ಮಂಟನ್ನನ್ನು ಏಳು ಪಂದ್ಯಗಳಲ್ಲಿ ಸೋಲಿಸಿ ಮನೆಗೆ ಕಳಿಸಿತು. ಕೊಟ್ಟವರು ಕೆಟ್ಟರು ಎಂದು ಎಲ್ಲರೂ ಷರಾ ಬರೆದು ಮುಗಿಸಿದರು.

ಮುಗಿದಿರಲಿಲ್ಲ. ಟ್ರೇಡನ್ನು ತೂಗುವುದು ಎಷ್ಟು ಕಷ್ಟ ಎನ್ನುವುದು ಇಲ್ಲಿಂದ ಮುಂದೆ ತಿಳಿಯುತ್ತದೆ. ಕಾರ್ಸನ್ ಎಂಬ ಆ ಹುಡುಗನ ಪಾಡನ್ನು ಯೋಚಿಸಿ. ಎಡ್ಮಂಟನ್‌ನಲ್ಲಿ ಮೊದಲ ಋತುವಿನಲ್ಲೇ 49 ಗೋಲು ಹೊಡೆದ, ಗೋಲು, ನೆರವು ಎಲ್ಲ ಸೇರಿ ನೂರು ಅಂಕ ಗಳಿಸಿದ. ಬೇರೆ ಯಾವ ಊರಿನಲ್ಲಾದರೂ ಹೆಗಲ ಮೇಲೆ ಹೊತ್ತು ಮೆರೆಸುತ್ತಿದ್ದರು. ಇಲ್ಲಿ ಮಾತ್ರ ಅವನು ಗ್ರೆಟ್ಸ್ಕಿ ಅಲ್ಲ. ಅವನ ಜಾಗಕ್ಕೆ ಬಂದವನು, ಅಷ್ಟೆ. ಆ ಭಾರ ತಾಳಲಾರದೆ ಎರಡನೇ ಋತು ಶುರುವಾಗಿ ನಾಲ್ಕು ಪಂದ್ಯ ಆಗುವಷ್ಟರಲ್ಲಿ ತಂಡ ಬಿಟ್ಟು ಹೊರಟ. 1989ರ ನವೆಂಬರ್‌ನಲ್ಲಿ ಎಡ್ಮಂಟನ್ನಿನ ಮ್ಯಾನೇಜರ್ ಗ್ಲೆನ್ ಸೇದರ್ ಅವನನ್ನು ಅವನ ತವರೂರಿನ ಕಡೆಯ ಡೆಟ್ರಾಯ್ಟ್‌ಗೆ ಕಳಿಸಿ, ಅಲ್ಲಿಂದ ಪೆಟರ್ ಕ್ಲಿಮಾ, ಜೋ ಮರ್ಫಿ, ಆಡಮ್ ಗ್ರೇವ್ಸ್ ಮತ್ತು ಇನ್ನೊಬ್ಬರನ್ನು ತಂದರು. ಇವರಲ್ಲಿ ಮರ್ಫಿ, ಗ್ರೇವ್ಸ್ ಡೆಟ್ರಾಯ್ಟ್‌ನಲ್ಲಿ ಮಿಂಚಿದವರಲ್ಲ. ಆ ಇಬ್ಬರನ್ನೂ ಜೆಲಿನಾ ಜೊತೆ ಸೇರಿಸಿ ಒಂದು ಸಾಲು ಮಾಡಿದರು. ಎಲ್ಲರೂ ಎಳೆಯರು. ಜನ ಅದನ್ನು ಮಕ್ಕಳ ಸಾಲು ಎಂದೇ ಕರೆದರು. ತಂಡದ ಮೂರನೇ ಸಾಲು ಅದು. ಎದುರಾಳಿಯ ಒಳ್ಳೆಯ ರಕ್ಷಕರು ದಣಿದು ಬೆಂಚಿಗೆ ಹೋದಾಗ ಇವರು ಇಳಿದು ಓಡಾಡಿಸಿಬಿಡುತ್ತಿದ್ದರು.

ಗೋಲ್‌ಕೀಪರ್ ವಿಷಯ ಇನ್ನೂ ಸ್ವಾರಸ್ಯದ್ದು. ಎಡ್ಮಂಟನ್ನಿನ ಪ್ರಸಿದ್ಧ ಗೋಲ್‌ಕೀಪರ್ ಗ್ರಾಂಟ್ ಫ್ಯೂರ್. ಅವರ ಹಿಂದೆ ವರ್ಷಗಟ್ಟಲೆ ಎರಡನೆಯವರಾಗಿದ್ದವರು ಆಂಡಿ ಮೂಗ್. ಮೂಗ್‌ಗೆ ಎರಡನೆಯ ಜಾಗ ಸಾಕಾಯಿತು. 1988ರ ಮಾರ್ಚ್‌ನಲ್ಲಿ ಅವರನ್ನು ಬೋಸ್ಟನ್‌ಗೆ ಕೊಟ್ಟರು. ಬದಲಿಗೆ ಬಂದವರಲ್ಲಿ ಬಿಲ್ ರ್ಯಾನ್‌ಫರ್ಡ್ ಎಂಬ ತರುಣ ಗೋಲ್‌ಕೀಪರ್ ಒಬ್ಬರು. ಫ್ಯೂರ್ ಇದ್ದಾಗ ಇವರನ್ನು ಯಾರು ಕೇಳುತ್ತಾರೆ? ಆದರೆ 1989-90ರ ಋತುವಿನಲ್ಲಿ ಫ್ಯೂರ್‌ಗೆ ಅನಾರೋಗ್ಯ, ಭುಜದ ತೊಂದರೆ. ಬೆಂಚಿನಲ್ಲಿದ್ದ ರ್ಯಾನ್‌ಫರ್ಡ್ ಎದ್ದು ಗೋಲಿಗೆ ಬಂದರು. 1990ರ ಫೈನಲ್‌ನಲ್ಲಿ ಎದುರಾದದ್ದು ಬೋಸ್ಟನ್. ಅತ್ತ ಗೋಲಿನಲ್ಲಿ ನಿಂತವರು ಮೂಗ್. ಒಂದೇ ಟ್ರೇಡಿನ ಎರಡು ತುದಿಗಳು ಕಣದ ಎರಡು ತುದಿಗಳಲ್ಲಿ ಎದುರುಬದುರಾಗಿ ನಿಂತವು.

ಆ ಫೈನಲ್‌ನ ಮೊದಲ ಪಂದ್ಯ ಮೇ 15ರಂದು ಬೋಸ್ಟನ್ ಗಾರ್ಡನ್‌ನಲ್ಲಿ. ಎಡ್ಮಂಟನ್ ಎರಡು ಗೋಲು ಮುಂದಿತ್ತು. ಬೋಸ್ಟನ್ನಿನ ರೇ ಬೋರ್ಕ್ ಕೊನೆಯ ಅವಧಿಯಲ್ಲಿ ಎರಡು ಹೊಡೆದು ಸಮ ಮಾಡಿದರು. ಹೆಚ್ಚುವರಿ ಅವಧಿ ಮೊದಲನೆಯದು ಮುಗಿಯಿತು, ಎರಡನೆಯದೂ ಮುಗಿಯಿತು. ಒಂದು ಸಲ ಬೋಸ್ಟನ್ನಿನ ಗ್ಲೆನ್ ವೆಸ್ಲಿಯ ಮುಂದೆ ಗೋಲು ಬರಿದಾಗಿ ತೆರೆದುಕೊಂಡಿತ್ತು, ಪಕ್ ಅದರ ಮೇಲಿನಿಂದ ಹಾರಿಹೋಯಿತು. ನಡುರಾತ್ರಿ ದಾಟಿತು. ಗಾರ್ಡನ್ ಹಳೆಯ ಕಟ್ಟಡ, ಮೇ ತಿಂಗಳ ಸೆಕೆ. ಅಂಥಲ್ಲಿ ಐಸ್ ಮೆತ್ತಗಾಗಿ ಸ್ಕೇಟು ಜಾರುವ ಬದಲು ತಡವರಿಸುತ್ತದೆ. ಆಟಗಾರರ ಕಾಲುಗಳು ಸೀಸದಂತಾಗಿದ್ದವು. ಈ ಇಡೀ ಹೊತ್ತಿನ ಬಹುಪಾಲು ಬೆಂಚಿನಲ್ಲೇ ಕೂತಿದ್ದವರು ಕ್ಲಿಮಾ. ಚೆಕೊಸ್ಲೊವಾಕಿಯಾದಿಂದ 1985ರಲ್ಲಿ ಕದ್ದು ಹೊರಬಂದವರು, ಗೋಲು ಹೊಡೆಯುವುದರಲ್ಲಿ ನಿಪುಣರು. ಆದರೆ ಹಿಂದಕ್ಕೆ ಓಡಿಬಂದು ರಕ್ಷಣೆ ಮಾಡುವ ವಿಷಯದಲ್ಲಿ ಕೋಚ್ ಜಾನ್ ಮಕ್ಲರ್‌ಗೆ ಅವರ ಮೇಲೆ ಭರವಸೆ ಸಾಲದು. ಬಿಗಿಯಾದ ಪಂದ್ಯದಲ್ಲಿ ಒಂದು ತಪ್ಪಿಗೆ ಎಲ್ಲ ಹೋಗುತ್ತದೆ ಎಂದು ಕೂರಿಸಿಬಿಟ್ಟಿದ್ದರು. ಮೂರನೇ ಹೆಚ್ಚುವರಿ ಅವಧಿಯಲ್ಲಿ, ಉಳಿದವರೆಲ್ಲ ಸೋತು ಸುಣ್ಣವಾಗಿದ್ದಾಗ, ಮಕ್ಲರ್ ಅವರನ್ನು ಇಳಿಸಿದರು. ಕ್ಲಿಮಾ ಹೊಡೆದ ಪಕ್ ಮೂಗ್ ಅವರ ಕಾಲುಗಳ ನಡುವಿನಿಂದ ನುಸುಳಿ ಗೋಲು ಸೇರಿತು. 55 ನಿಮಿಷ 13 ಸೆಕೆಂಡುಗಳ ಹೆಚ್ಚುವರಿ ಆಟ. ಸ್ಟ್ಯಾನ್ಲಿ ಕಪ್ ಫೈನಲ್‌ಗಳಲ್ಲೇ ಅತಿ ದೀರ್ಘವಾದದ್ದು. ಅಂದು 50 ಹೊಡೆತ ತಡೆದ ರ್ಯಾನ್‌ಫರ್ಡ್ ಪ್ಲೇಆಫ್‌ನ ಶ್ರೇಷ್ಠ ಆಟಗಾರ ಎಂಬ ಗೌರವ ಪಡೆದರು. ಎಡ್ಮಂಟನ್ 4-1ರಿಂದ ಸರಣಿ ಗೆದ್ದಿತು. ಅದಕ್ಕೂ ಮೊದಲು, ಎರಡನೇ ಸುತ್ತಿನಲ್ಲಿ, ಗ್ರೆಟ್ಸ್ಕಿಯ ಲಾಸ್ ಏಂಜಲೀಸನ್ನು 4-0ರಿಂದ ಸೋಲಿಸಿಯೇ ಬಂದಿತ್ತು.

ಇದನ್ನು ಓದಿ ಗ್ರೆಟ್ಸ್ಕಿಯನ್ನು ಕೊಟ್ಟದ್ದೇ ಸರಿ ಎಂದು ಯಾರೂ ತೀರ್ಮಾನಿಸಬೇಡಿ. ನಾನು ಹಾಗೆ ಹೇಳುವುದಿಲ್ಲ. ಆ ಟ್ರೇಡಿನ ಹಿಂದೆ ಆಟದ ವಿವೇಕಕ್ಕಿಂತ ಹಣದ ಅಗತ್ಯ ದೊಡ್ಡದಾಗಿತ್ತು. 1990ರ ಗೆಲುವಿನ ಬೆನ್ನಿಗೇ ಎಡ್ಮಂಟನ್ ಮಿಕ್ಕವರನ್ನೂ ಒಬ್ಬೊಬ್ಬರಾಗಿ ಕಳೆದುಕೊಳ್ಳುತ್ತ ಬಂತು. ಮುಂದಾಳು ಕುರ್ರಿ ಹೋದರು, ಫ್ಯೂರ್ ಹೋದರು, ಇನ್ನೊಬ್ಬ ಮುಂದಾಳು ಆಂಡರ್ಸನ್ ಹೋದರು, 1991ರಲ್ಲಿ ನಾಯಕ ಮಾರ್ಕ್ ಮೆಸಿಯೆ ಅವರೇ ನ್ಯೂಯಾರ್ಕಿಗೆ ಹೋದರು. ಆಮೇಲೆ ಆ ಊರು ಇನ್ನೊಂದು ಕಪ್ ಕಂಡಿಲ್ಲ. 2024, 2025 ಎರಡೂ ವರ್ಷ ಫೈನಲ್‌ವರೆಗೆ ಬಂದು ಫ್ಲಾರಿಡಾ ಎದುರು ಸೋತಿತು. ಹಿಂದಿನವರು ಕೂಡಿಟ್ಟ ಶೇಖರಣೆ ಎಂಥ ದೊಡ್ಡ ನಷ್ಟವನ್ನೂ ಒಂದು ಸಲ ತಾಳಿಕೊಳ್ಳುತ್ತದೆ, ಪ್ರತಿಸಲ ಅಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೆ. 1988ರ ಆಗಸ್ಟ್‌ನಲ್ಲಿ ಆ ಟ್ರೇಡನ್ನು ತೂಗಿದವರು ತಕ್ಕಡಿಯ ಒಂದು ಕಡೆ ಗ್ರೆಟ್ಸ್ಕಿ, ಇನ್ನೊಂದು ಕಡೆ ಕಾರ್ಸನ್ ಎಂದಿಟ್ಟು ನೋಡಿದರು. 1990ರ ಕಪ್ಪನ್ನು ಗೆದ್ದುಕೊಟ್ಟವರಲ್ಲಿ ಅನೇಕರು ಆ ತಕ್ಕಡಿಯ ಮೇಲೆ ಇರಲೇ ಇಲ್ಲ. ಅವರು ಬೇರೆ ಬೇರೆ ಬಾಗಿಲುಗಳಿಂದ, ಬೇರೆ ಬೇರೆ ವರ್ಷ, ಯಾರ ಗಮನಕ್ಕೂ ಬರದಂತೆ ಒಳಗೆ ಬಂದು ಬೆಂಚಿನಲ್ಲಿ ಕೂತವರು.

ಈಗ ಲೆಕ್ಕ ಇನ್ನೂ ಬಿಗಿಯಾಗಿದೆ. 2004-05ರಲ್ಲಿ ಮಾಲೀಕರಿಗೂ ಆಟಗಾರರಿಗೂ ಒಪ್ಪಂದವಾಗದೆ ಇಡೀ ಋತುವೇ ರದ್ದಾಯಿತು. ಮರುವರ್ಷದಿಂದ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಬಂತು: ಆಗ 3 ಕೋಟಿ 90 ಲಕ್ಷ ಡಾಲರ್, 2024-25ಕ್ಕೆ 8 ಕೋಟಿ 80 ಲಕ್ಷ. ಹೀಗಾಗಿ ಮೊದಲ ಸಾಲಿನ ಇಬ್ಬರಿಗೆ ಕೈಬಿಚ್ಚಿ ಕೊಟ್ಟರೆ ನಾಲ್ಕನೇ ಸಾಲಿಗೆ ಉಳಿಯುವುದು ಚಿಲ್ಲರೆ. ಟ್ರೇಡ್ ತೂಗುವ ಮ್ಯಾನೇಜರ್ ಈಗ ಆಟಗಾರನ ಕೈಚಳಕದ ಜೊತೆ ಅವನ ಸಂಬಳ ಎಷ್ಟು, ಒಪ್ಪಂದ ಇನ್ನೆಷ್ಟು ವರ್ಷ, ಪೆಟ್ಟಾದರೆ ಆ ಜಾಗಕ್ಕೆ ಯಾರು ಎಂದೂ ನೋಡಬೇಕು. ಟಾಂಪಾ ಬೇ ತಂಡಕ್ಕೆ ಈ ಪಾಠ ಕಠಿಣವಾಗಿಯೇ ಆಯಿತು. 2018-19ರಲ್ಲಿ 82 ಪಂದ್ಯಗಳಲ್ಲಿ 62 ಗೆದ್ದು ಲೀಗಿನ ಆಗಿನ ದಾಖಲೆ ಸರಿಗಟ್ಟಿದ ತಂಡ ಅದು. ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಕೊಲಂಬಸ್ ಎದುರು ಒಂದು ಪಂದ್ಯವನ್ನೂ ಗೆಲ್ಲದೆ ಹೊರಬಿತ್ತು. ಎಲ್ಲರೂ ದೊಡ್ಡ ಹೆಸರುಗಳನ್ನು ಬದಲಿಸಿ ಎಂದರು. ಮ್ಯಾನೇಜರ್ ಜೂಲಿಯನ್ ಬ್ರಿಜ್‌ಬ್ವಾ ಅದಕ್ಕೆ ಕೈಹಾಕಲಿಲ್ಲ. 2020ರ ಫೆಬ್ರವರಿಯಲ್ಲಿ, ಗಡುವಿನ ಆಸುಪಾಸಿನಲ್ಲಿ, ಬ್ಲೇಕ್ ಕೋಲ್ಮನ್ ಮತ್ತು ಬಾರ್ಕ್ಲೇ ಗುಡ್ರೋ ಎಂಬ ಇಬ್ಬರನ್ನು ತಂದರು. ಇಬ್ಬರೂ ಮೂರನೇ ಸಾಲಿನವರು. ಒಬ್ಬೊಬ್ಬರಿಗೂ ಒಂದೊಂದು ಮೊದಲ ಸುತ್ತಿನ ಡ್ರಾಫ್ಟ್ ಹಕ್ಕು ಕೊಟ್ಟದ್ದು ದುಬಾರಿಯಾಯಿತು ಎಂದು ಆಗ ಬಹಳ ಜನ ಮೂಗು ಮುರಿದರು. ಆದರೆ ಕೋಲ್ಮನ್ ಸಂಬಳ 18 ಲಕ್ಷ ಡಾಲರ್, ಗುಡ್ರೋದು ಹತ್ತು ಲಕ್ಷಕ್ಕೂ ಕಡಿಮೆ. ಮಿತಿಯೊಳಗೆ ನುಸುಳುವಂಥ ಸಂಬಳ. ಇದ್ದ ಯಾನಿ ಗೂರ್ಡ್ ಜೊತೆ ಇವರಿಬ್ಬರೂ ಸೇರಿದರು. 2020ರಲ್ಲಿ ನಾಯಕ ಸ್ಟೀವನ್ ಸ್ಟ್ಯಾಮ್‌ಕೋಸ್ ಗಾಯದಿಂದ ಇಡೀ ಪ್ಲೇಆಫ್‌ನಲ್ಲಿ ಮೂರು ನಿಮಿಷವೂ ಆಡಲಿಲ್ಲ. ತಂಡ ಕಪ್ ಗೆದ್ದಿತು. 2021ರಲ್ಲೂ ಗೆದ್ದಿತು. ಆ ವರ್ಷ ಸೆಮಿಫೈನಲ್‌ನ ಏಳನೇ ಪಂದ್ಯದಲ್ಲಿ ಬಿದ್ದ ಒಂದೇ ಒಂದು ಗೋಲು ಗೂರ್ಡ್ ಅವರದು, ಅದೂ ತಂಡದಲ್ಲಿ ಒಬ್ಬರು ಶಿಕ್ಷೆಯ ಪೆಟ್ಟಿಗೆಯಲ್ಲಿ ಕೂತು ಸಂಖ್ಯೆ ಕಡಿಮೆ ಇದ್ದಾಗ. ಆ ಬೇಸಿಗೆಯಲ್ಲಿ ಮೂವರೂ ಬೇರೆ ಬೇರೆ ತಂಡಗಳ ಪಾಲಾದರು. ಹೆಸರಾದ ಮೇಲೆ ಕೋಲ್ಮನ್, ಗುಡ್ರೋ ಇಬ್ಬರಿಗೆ ಕೊಡಲು ಮಿತಿಯೊಳಗೆ ದುಡ್ಡಿರಲಿಲ್ಲ.

ಗೃಹಸ್ಥರಾದ ನಮಗೂ ಇಲ್ಲಿ ಒಂದು ಮಾತಿದೆ. ಎಷ್ಟೋ ಮನೆಗಳಲ್ಲಿ ಎಲ್ಲ ವ್ಯವಹಾರವೂ ಒಬ್ಬರ ತಲೆಯಲ್ಲಿ ಇರುತ್ತದೆ. ಗ್ಯಾಸ್ ಬುಕ್ ಮಾಡುವವರು ಅವರೇ, ಕರೆಂಟ್ ಬಿಲ್ ಕಟ್ಟುವವರು ಅವರೇ, ಅಪ್ಪನ ಬಿಪಿ ಮಾತ್ರೆ ಬೆಳಗಿನದು ಯಾವುದು ರಾತ್ರಿಯದು ಯಾವುದು ಎಂದು ಬಲ್ಲವರೂ ಅವರೇ. ಅವರು ಇರುವಷ್ಟು ದಿನ ಮನೆ ಸರಾಗವಾಗಿ ನಡೆಯುತ್ತದೆ, ಅವರ ಜಾಣತನವನ್ನು ಎಲ್ಲರೂ ಕೊಂಡಾಡುತ್ತಾರೆ. ಒಂದು ವಾರ ಜ್ವರ ಬಂದು ಮಲಗಿದರೆ ಗೊತ್ತಾಗುತ್ತದೆ, ಬೆಂಚಿನಲ್ಲಿ ಯಾರೂ ಇರಲಿಲ್ಲ ಎಂದು. ಮಗನಿಗೋ ಸೊಸೆಗೋ ಆ ಕೆಲಸ ಬರುವುದಿಲ್ಲ ಎಂದಲ್ಲ. ಯಾರೂ ಅವರ ಕೈಗೆ ಅದನ್ನು ಕೊಟ್ಟಿರಲಿಲ್ಲ. ಕೊಟ್ಟರೆ ನಿಧಾನವಾಗುತ್ತದೆ, ಎರಡು ಸಲ ತಪ್ಪಾಗುತ್ತದೆ; ಅದರ ಬದಲು ನಾನೇ ಮಾಡಿ ಮುಗಿಸುತ್ತೇನೆ ಎನ್ನುವ ಸಮರ್ಥರು ಎಲ್ಲ ಮನೆಗಳಲ್ಲೂ ಇದ್ದಾರೆ. ಹಾಕಿ ಕೋಚುಗಳು ಈ ವಿಷಯದಲ್ಲಿ ನಮಗಿಂತ ವ್ಯವಹಾರಸ್ಥರು. ತಂಡ ನಾಲ್ಕು ಗೋಲು ಮುಂದಿರುವಾಗ ನಾಲ್ಕನೇ ಸಾಲಿಗೆ ಹೆಚ್ಚು ಹೊತ್ತು ಆಡಲು ಕೊಡುತ್ತಾರೆ. ಇದು ಔದಾರ್ಯ ಎನ್ನುವುದಕ್ಕಿಂತ ದೂರಾಲೋಚನೆ, ಆದರೆ ಕೂತವನಿಗೆ ಅದು ಔದಾರ್ಯವಾಗಿಯೇ ಮುಟ್ಟುತ್ತದೆ. ನನ್ನನ್ನು ಮರೆತಿಲ್ಲ ಎಂದು ಅವನಿಗೆ ತಿಳಿಯುತ್ತದೆ. ಮರೆತಿಲ್ಲ ಎಂದು ತಿಳಿದವನು ನಡುರಾತ್ರಿ ಒಂದು ಗಂಟೆಯಲ್ಲೂ ಕಾಲುಗಳನ್ನು ಬೆಚ್ಚಗೆ ಇಟ್ಟುಕೊಂಡಿರುತ್ತಾನೆ. ಕ್ಲಿಮಾ ಆ ರಾತ್ರಿ ಕೂತಲ್ಲೇ ಮುನಿಸಿಕೊಂಡು ಬೂಟಿನ ಲೇಸು ಸಡಿಲಿಸಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ.

ಇನ್ನು, ಕೊಡುವವರೂ ಕೊಳ್ಳುವವರೂ ಕೂಡಿಸಿ ಕಳೆಯುವ ಈ ಹೆಸರುಗಳೆಲ್ಲ ಮನುಷ್ಯರು ಎಂಬ ಮಾತು. ಬೆಳಗ್ಗೆ ಒಂದು ಊರಿನ ಆಟಗಾರ, ಸಂಜೆಗೆ ಎರಡು ಸಾವಿರ ಮೈಲಿ ದೂರದ ಇನ್ನೊಂದು ಊರಿನವನು. ಹೆಂಡತಿ ಮನೆ ಖಾಲಿ ಮಾಡಬೇಕು, ಮಕ್ಕಳು ಶಾಲೆ ಬಿಡಬೇಕು. ಹಿರಿಯ ಆಟಗಾರರು ನನ್ನ ಒಪ್ಪಿಗೆಯಿಲ್ಲದೆ ನನ್ನನ್ನು ಟ್ರೇಡ್ ಮಾಡಬಾರದು ಎಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಿಕೊಳ್ಳುವುದುಂಟು. ಎಳೆಯರಿಗೆ, ಕೊನೆಯ ಸಾಲಿನವರಿಗೆ ಆ ಭಾಗ್ಯ ಇಲ್ಲ. ಯಾರನ್ನು ಸುಲಭವಾಗಿ ಕಳಿಸಬಹುದೋ ಅವರಿಗೇ ರಕ್ಷಣೆಯೂ ಕಡಿಮೆ. ಇದು ಹಾಕಿಗೆ ಮಾತ್ರ ಸೇರಿದ ವಿಷಯವಲ್ಲ ಎಂದು ಒಮ್ಮೆ ವರ್ಗಾವಣೆ ಪಟ್ಟಿಗಾಗಿ ಕಾದು ಕೂತವರಿಗೆ ಹೇಳಬೇಕಾಗಿಲ್ಲ. ಕಾರ್ಸನ್ ಕಥೆಗೂ ಒಂದು ವಿಚಿತ್ರ ತಿರುವು ಇದೆ: 1993ರ ಜನವರಿಯಲ್ಲಿ ಡೆಟ್ರಾಯ್ಟ್ ಅವನನ್ನು ಮರಳಿ ಲಾಸ್ ಏಂಜಲೀಸ್‌ಗೇ ಟ್ರೇಡ್ ಮಾಡಿತು. ಯಾರ ಬದಲಿಗೆ ಎಡ್ಮಂಟನ್‌ಗೆ ಹೋಗಿ ನೊಂದಿದ್ದನೋ ಅದೇ ಗ್ರೆಟ್ಸ್ಕಿಯ ಜೊತೆ ಒಂದೇ ತಂಡದಲ್ಲಿ ಆಡಿದ.

ಬೆಂಚಿನ ಬಲ ಎಲ್ಲಿಯವರೆಗೆ ಲೆಕ್ಕಕ್ಕೆ ಬರುತ್ತದೆ ಎಂದು ತೋರಿಸಿದ್ದು 2020ರ ಫೆಬ್ರವರಿ 22ರ ಟೊರೊಂಟೊ ಪಂದ್ಯ. ಆ ವರ್ಷದ ಗಡುವಿಗೆ ಎರಡೇ ದಿನ ಬಾಕಿ. ಅತಿಥಿ ತಂಡ ಕೆರೊಲೈನಾದ ಇಬ್ಬರು ಗೋಲ್‌ಕೀಪರುಗಳೂ, ಮೊದಲು ಜೇಮ್ಸ್ ರೈಮರ್, ಆಮೇಲೆ ಪೆಟರ್ ಮ್ರಾಜೆಕ್, ಪೆಟ್ಟು ತಿಂದು ಹೊರನಡೆದರು. ಇಂಥ ಆಪತ್ತಿಗೆಂದು ಆತಿಥೇಯ ಊರಿನಿಂದ ಒಬ್ಬ ಹವ್ಯಾಸಿ ಗೋಲ್‌ಕೀಪರನನ್ನು ಎರಡೂ ತಂಡಗಳಿಗೆ ಸಾಮಾನ್ಯವಾಗಿ ಸಿದ್ಧವಾಗಿಟ್ಟಿರಬೇಕು ಎಂಬ ನಿಯಮ ಆಗ ಇತ್ತು. ಅಂದು ಆ ಜಾಗದಲ್ಲಿದ್ದವರು ಡೇವಿಡ್ ಏಯರ್ಸ್. ವಯಸ್ಸು 42, ಐಸ್ ಕಣವನ್ನು ನುಣುಪು ಮಾಡುವ ಯಂತ್ರ ಓಡಿಸಿದವರು, ಹಿಂದೆ ಮೂತ್ರಪಿಂಡ ಕಸಿ ಆದವರು. ಟೊರೊಂಟೊ ತಂಡದ ಅಭ್ಯಾಸಕ್ಕೆ ಗೋಲಿನಲ್ಲಿ ನಿಲ್ಲುತ್ತಿದ್ದವರು ಅದೇ ಟೊರೊಂಟೊ ಎದುರು ನಿಂತರು. ಮೊದಲ ಎರಡು ಹೊಡೆತ ಎರಡೂ ಗೋಲಾದವು. ಆಮೇಲೆ ಬಂದ ಎಂಟನ್ನೂ ತಡೆದರು, ಕೆರೊಲೈನಾ 6-3ರಿಂದ ಗೆದ್ದಿತು. ಸುದ್ದಿಯೆಲ್ಲ ಏಯರ್ಸ್ ಅವರದೇ ಆಯಿತು, ಆಗಬೇಕಾದದ್ದೂ ಹಾಗೆಯೇ. ಆದರೆ ಹತ್ತೇ ಹೊಡೆತ ಅವರ ತನಕ ಬಂದದ್ದು ಹೇಗೆ? ಮುಂದೆ ಇದ್ದವರು ಪಕ್‌ಗೆ ಮೈ ಒಡ್ಡಿ, ಎದುರಾಳಿಯನ್ನು ಹತ್ತಿರ ಸುಳಿಯಗೊಡದೆ ಆಡಿದರು. ಹೊಸಬ ಬಂದಾಗ ಹಳಬರು ಸ್ವಲ್ಪ ಹೆಚ್ಚು ದುಡಿಯುವುದೂ ಬೆಂಚಿನ ಬಲದಲ್ಲೇ ಸೇರುತ್ತದೆ ಎಂದು ನನ್ನ ಎಣಿಕೆ.

ಗಡುವಿನ ದಿನ ಬಂತು. ಇಬ್ಬರು ಗೋಲ್‌ಕೀಪರುಗಳೂ ಗಾಯಾಳುಗಳು, ಹೊರಗಿನಿಂದ ಒಬ್ಬರನ್ನು ತರಲೇಬೇಕು ಎಂದು ಎಲ್ಲರ ಊಹೆ. ಕೆರೊಲೈನಾ ಆ ದಿನ ಮೂರು ಟ್ರೇಡ್ ಮಾಡಿತು, ಅದರಲ್ಲಿ ಗೋಲ್‌ಕೀಪರ್ ಇರಲಿಲ್ಲ. ಷಾರ್ಲಟ್‌ನಲ್ಲಿದ್ದ ತನ್ನ ಕಿರಿಯ ತಂಡದಿಂದ ಆಂಟನ್ ಫೋರ್ಸ್‌ಬರ್ಗ್, ಅಲೆಕ್ಸ್ ನೆಡೆಲ್ಕೊವಿಕ್ ಇಬ್ಬರನ್ನು ಕರೆಸಿಕೊಂಡಿತು, ಅಷ್ಟೆ. ಮರುವರ್ಷ, 2021ರ ಜನವರಿಯಲ್ಲಿ, ಇದೇ ನೆಡೆಲ್ಕೊವಿಕ್ ಅವರನ್ನು ಬೇಕಾದವರು ಕರೆದುಕೊಂಡು ಹೋಗಬಹುದು ಎಂಬ ಪಟ್ಟಿಗೂ ಹಾಕಿತು. ಉಳಿದ 30 ತಂಡಗಳಲ್ಲಿ ಒಂದೂ ಕೈ ಎತ್ತಲಿಲ್ಲ, ಏನೂ ಕೊಡದೆ ಬರುವ ಗೋಲ್‌ಕೀಪರ್ ಯಾರಿಗೂ ಬೇಡವಾದರು. ಅಷ್ಟರಲ್ಲಿ ಮ್ರಾಜೆಕ್‌ಗೆ ಮತ್ತೆ ಗಾಯ. ನೆಡೆಲ್ಕೊವಿಕ್ ಗೋಲಿಗೆ ಇಳಿದರು, ಆ ವರ್ಷದ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿಯ ಕೊನೆಯ ಮೂವರಲ್ಲಿ ಒಬ್ಬರಾದರು. ಋತು ಮುಗಿದು ಸಂಬಳದ ಮಾತು ಬಂದಾಗ ಕೆರೊಲೈನಾ ಅವರನ್ನು ಡೆಟ್ರಾಯ್ಟ್‌ಗೆ ಟ್ರೇಡ್ ಮಾಡಿತು.